ಹಡಗಿನ ಟಿಕೇಟಿಗಿಂತ ಮೊದಲು ಹೆಸರಿನ ಕಾಗದ

ಅಡಿಕೆಯ ಲೆಕ್ಕ ಚುಕ್ತಾ ಆಗುವ ದಿನಗಳಲ್ಲಿ ನಮ್ಮ ಸಂಘದ ಕಾರ್ಯಾಲಯಕ್ಕೆ ಬರುವ ಸದಸ್ಯ ಬಾಂಧವರು ಮೊದಲು ಧಾರಣೆಯ ಮಾತಾಡುತ್ತಾರೆ. ಆಮೇಲೆ ಮಳೆಯ ಮಾತು, ಆಮೇಲೆ ಮಕ್ಕಳ ಮಾತು. ಈಗ ಎರಡು ವರ್ಷಗಳಿಂದ ನಾಲ್ಕನೆಯ ಮಾತೊಂದು ಸೇರಿಕೊಂಡಿದೆ. "ಸೆಕ್ರೆಟರಿ ಸಾಹೇಬ್ರ, ಹಡಗಿನ ಪ್ರವಾಸಕ್ಕ ಏನೇನು ಕಾಗದಪತ್ರ ಬೇಕಾಗ್ತಾವ್ರಿ?"

ಬೆಂಗಳೂರು, ಪುಣೆಗಳಲ್ಲಿ ನೌಕರಿಯಲ್ಲಿರುವ ಮಕ್ಕಳು ತಂದೆತಾಯಿಯರನ್ನು ಒಮ್ಮೆ ಪರದೇಶಕ್ಕೆ ಕಳುಹಿಸಬೇಕೆಂದು ಹಂಬಲಿಸುತ್ತಾರೆ. ಕಾಶಿ, ರಾಮೇಶ್ವರ ಮುಗಿಸಿ ಬಂದ ಹಿರಿಯರಿಗೂ ಸಮುದ್ರದ ಮೇಲೆ ನಾಲ್ಕು ದಿನ ಕಳೆಯುವ ಆಸೆ ಹುಟ್ಟಿದೆ. ಇದು ಸಂತೋಷದ ಸಂಗತಿ. ಆದರೆ ನಮ್ಮವರಲ್ಲಿ ಅನೇಕರು ಮೊದಲು ಹಡಗಿಗೆ ಮುಂಗಡ ಕಟ್ಟಿ, ಆಮೇಲೆ ಪಾಸ್‌ಪೋರ್ಟಿನ ವಿಚಾರಕ್ಕೆ ಕೈಹಾಕುತ್ತಾರೆ. ನಾವೂ ಹಾಗೆಯೇ ಮಾಡಿ ಹಣ ಕಳೆದುಕೊಂಡೆವು. ಇನ್ನೊಬ್ಬ ಸದಸ್ಯರಿಗೆ ಹಾಗಾಗಬಾರದೆಂದು ಈ ಲೇಖನ.

ಗಡಿ ನಮಗೆ ಹೊಸದಲ್ಲ

ಪರದೇಶ, ಗಡಿ, ತಪಾಸಣೆ ಎಂದ ಕೂಡಲೇ ನಮ್ಮ ಜನ ಹಿಂಜರಿಯುತ್ತಾರೆ. ಹಾಗೆ ನೋಡಿದರೆ ಖಾನಾಪುರದವರಿಗೆ ಗಡಿ ಹೊಸದಲ್ಲ. 1961ರ ಡಿಸೆಂಬರ್ 19ರವರೆಗೆ ಗೋವೆ ಪೋರ್ತುಗೀಜರ ಆಡಳಿತದಲ್ಲಿತ್ತು. ನಮ್ಮ ಲೋಂಡಾದಿಂದ ಸ್ವಲ್ಪವೇ ದೂರದ ಕ್ಯಾಸಲ್ ರಾಕ್ ನಿಲ್ದಾಣದಲ್ಲಿ ರೈಲು ನಿಲ್ಲಿಸಿ ಗಂಟುಮೂಟೆ ಬಿಚ್ಚಿ ಸುಂಕದವರು ನೋಡುತ್ತಿದ್ದ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಘಟ್ಟ ಇಳಿದರೆ ಬೇರೆ ಸರಕಾರ, ಬೇರೆ ನಾಣ್ಯ. ಕಾಗದ ಸರಿಯಿದ್ದವನು ದಾಟಿದ, ಇಲ್ಲದವನು ತಿರುಗಿ ಬಂದ. ಹಡಗಿನ ಬಂದರಿನಲ್ಲೂ ಇಂದು ನಡೆಯುವುದು ಇಷ್ಟೇ.

ಯಾವ ಹಡಗಿಗೆ ಯಾವ ಕಾಗದ

ಪ್ರವಾಸದ ಹಡಗುಗಳಲ್ಲಿ ಎರಡು ಬಗೆ ಎಂದು ತಿಳಿಯಿರಿ. ಮುಂಬಯಿಯಿಂದ ಹೊರಟು ಗೋವೆ, ಕೊಚ್ಚಿ, ಲಕ್ಷದ್ವೀಪಗಳನ್ನು ನೋಡಿಕೊಂಡು ಬರುವ ಹಡಗು ದೇಶದೊಳಗಿನದು. ಇದಕ್ಕೆ ಪಾಸ್‌ಪೋರ್ಟ್ ಬೇಡ, ಭಾವಚಿತ್ರವಿರುವ ಸರಕಾರಿ ಗುರುತಿನ ಚೀಟಿ ಸಾಕು. ಲಕ್ಷದ್ವೀಪದಲ್ಲಿ ಇಳಿಯಲು ಮಾತ್ರ ಭಾರತೀಯರಿಗೂ ಪ್ರವೇಶ ಪರವಾನಿಗೆ ಬೇಕು. ಅದನ್ನು ಯಾರು ಮಾಡಿಸುತ್ತಾರೆಂದು ಮೊದಲೇ ಕೇಳಿಕೊಳ್ಳಬೇಕು.

ಎರಡನೆಯದು ಪರದೇಶದ ಬಂದರು ಮುಟ್ಟುವ ಹಡಗು. ನಮ್ಮ ಕಡೆಯವರು ಹೆಚ್ಚಾಗಿ ಹೋಗುವುದು ವಿಮಾನದಲ್ಲಿ ಸಿಂಗಾಪುರಕ್ಕೆ, ಅಲ್ಲಿಂದ ಹಡಗಿನಲ್ಲಿ ಮಲೇಶಿಯಾ ಅಥವಾ ಥೈಲ್ಯಾಂಡಿಗೆ. ಚಳಿಗಾಲದಲ್ಲಿ ದುಬೈಯಿಂದ ಹೊರಡುವ ಹಡಗುಗಳೂ ಇವೆ. ಚೆನ್ನೈಯಿಂದ ಶ್ರೀಲಂಕೆಗೆ ಇಂಥ ಪ್ರವಾಸ 2023ರ ಜೂನಿನಲ್ಲಿ ಆರಂಭವಾಯಿತು. ಇವೆಲ್ಲಕ್ಕೂ ಪಾಸ್‌ಪೋರ್ಟ್ ಬೇಕೇ ಬೇಕು. ನಾವು ಹಡಗಿನಿಂದ ಇಳಿಯದೆ ಕೂತೇ ಬರುತ್ತೇವೆ ಎಂದರೂ ಬಿಡುವುದಿಲ್ಲ. ಮರಳಿ ಅದೇ ಬಂದರಿಗೆ ಬರುವ ಹಡಗಿಗೆ ಜನನ ಪತ್ರವೊಂದೇ ಸಾಕೆಂದು ಮಕ್ಕಳು ಮೊಬೈಲಿನಲ್ಲಿ ಓದಿ ಹೇಳುವುದುಂಟು. ಅದು ಅಮೆರಿಕದ ನಾಗರಿಕರಿಗೆ, ಅವರ ದೇಶದಿಂದ ಹೊರಟು ಅಲ್ಲಿಗೇ ಮರಳುವ ಕೆಲವು ಹಡಗುಗಳಿಗೆ ಇರುವ ಸವಲತ್ತು. ನಮಗೆ ಅನ್ವಯಿಸುವುದಿಲ್ಲ.

ಬೆಳಗಾವಿಯಲ್ಲೇ ಆಗುವ ಕೆಲಸ

ಹಿಂದೆ ಪಾಸ್‌ಪೋರ್ಟಿಗಾಗಿ ನಮ್ಮವರು ಬೆಂಗಳೂರಿಗೆ, ಆಮೇಲಿನ ವರ್ಷಗಳಲ್ಲಿ ಹುಬ್ಬಳ್ಳಿಗೆ ಅಲೆಯುತ್ತಿದ್ದರು. 2017ರ ಜನವರಿಯಲ್ಲಿ ಅಂಚೆ ಕಚೇರಿಗಳಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದಿನಲ್ಲಿ ಮೊದಲಾಯಿತು. ಅದರ ಫಲವಾಗಿ ಬೆಳಗಾವಿಗೂ ಇಂಥ ಕೇಂದ್ರ ಬಂತು. ಇದು ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ಅಧೀನದಲ್ಲಿದೆ. ಖಾನಾಪುರದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಕೆಲಸ ಮುಗಿಸಿ ಅದೇ ದಿನ ಮನೆಗೆ ಮರಳಬಹುದು.

ಕ್ರಮ ಹೀಗಿದೆ. ಸರಕಾರದ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ತುಂಬಿ, ಶುಲ್ಕ ಕಟ್ಟಿ, ದಿನ ಮತ್ತು ವೇಳೆ ಗೊತ್ತುಮಾಡಿಕೊಳ್ಳಬೇಕು. ಸರಕಾರದ್ದೇ ಎಂಬಂತೆ ತೋರುವ ಖೋಟಾ ಜಾಲತಾಣಗಳಿವೆ. ಹೆಚ್ಚು ಹಣ ಕೇಳಿದರೆ ಅನುಮಾನ ಪಡಬೇಕು. ವಯಸ್ಕರಿಗೆ 36 ಪುಟದ ಪುಸ್ತಕಕ್ಕೆ ರೂ. 1500, 60 ಪುಟದ್ದಕ್ಕೆ ರೂ. 2000. ತುರ್ತಾಗಿ ಬೇಕೆಂದರೆ ತತ್ಕಾಲ್ ಎಂದು ಮೇಲೆ ರೂ. 2000. ಇದು 10 ವರ್ಷ ನಡೆಯುತ್ತದೆ. ಮಕ್ಕಳ ಪಾಸ್‌ಪೋರ್ಟ್ ಸಾಮಾನ್ಯವಾಗಿ 5 ವರ್ಷದ್ದು, ಅದಕ್ಕೆ ರೂ. 1000 ಮತ್ತು ತಂದೆತಾಯಿ ಇಬ್ಬರ ಒಪ್ಪಿಗೆ ಪತ್ರ. 60 ದಾಟಿದವರ ಹೊಸ ಅರ್ಜಿಗೆ ಶೇಕಡಾ 10 ರಿಯಾಯಿತಿ ಇದೆ.

ಗೊತ್ತಾದ ದಿನ ಮೂಲ ಕಾಗದಪತ್ರಗಳನ್ನು ತೆಗೆದುಕೊಂಡು ಹೋಗಬೇಕು. ಭಾವಚಿತ್ರ, ಬೆರಳಚ್ಚು ಅಲ್ಲಿಯೇ ತೆಗೆಯುತ್ತಾರೆ. ಆಮೇಲೆ ಪೋಲೀಸರ ವಿಚಾರಣೆ, ಕೊನೆಗೆ ಸ್ಪೀಡ್ ಪೋಸ್ಟಿನಲ್ಲಿ ಪುಸ್ತಕ ಮನೆಗೆ ಬರುತ್ತದೆ. ಇದರಲ್ಲಿ ನಮ್ಮ ಕಡೆಯವರು ಎಡವುವ ಜಾಗಗಳನ್ನು ಮಾತ್ರ ಬಿಡಿಸಿ ಹೇಳುತ್ತೇವೆ.

ಮೊದಲನೆಯದು ವಿಳಾಸ. ತೋಟ ಜಾಂಬೋಟಿಯ ಕಡೆಗೆ, ಮಕ್ಕಳ ಶಾಲೆಗಾಗಿ ಹಿಡಿದ ಮನೆ ಬೆಳಗಾವಿಯ ಟಿಳಕವಾಡಿಯಲ್ಲಿ, ಹೀಗೆ ಎರಡು ಒಲೆ ಹೂಡಿದವರು ನಮ್ಮಲ್ಲಿ ಬಹಳ. ನೀವು ನಿಜವಾಗಿ ವಾಸವಿರುವ ವಿಳಾಸವನ್ನೇ ಬರೆಯಬೇಕು. ವಿಚಾರಣೆಗೆ ಪೋಲೀಸರು ಬರುವುದು ಆ ವಿಳಾಸಕ್ಕೆ. ಅಲ್ಲಿ ಬೀಗ ಹಾಕಿದ್ದರೆ, ನೆರೆಯವರು "ಅವರು ಹಬ್ಬಕ್ಕಷ್ಟ ಬರ್ತಾರ್ರಿ" ಎಂದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯದು ಹುಟ್ಟಿದ ತಾರೀಖು. ಹಳೆಯ ಹೆಡ್‌ಮಾಸ್ತರರು ಶಾಲೆಗೆ ಸೇರಿದ ಹುಡುಗರಿಗೆಲ್ಲ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಹೀಗೆ ನಮ್ಮ ಸಂಘದ ಸದಸ್ಯರಲ್ಲಿ ಎಷ್ಟೋ ಜನ ಒಂದೇ ದಿನ ಹುಟ್ಟಿದವರು. ಅದು ತಪ್ಪೋ ಒಪ್ಪೋ, ಎಲ್ಲ ಕಾಗದದಲ್ಲೂ ಒಂದೇ ಆಗಿದ್ದರೆ ತೊಂದರೆಯಿಲ್ಲ. ಶಾಲೆಯ ದಾಖಲೆಯಲ್ಲಿ ಒಂದು, ಆಧಾರದಲ್ಲಿ ಇನ್ನೊಂದು ಇದ್ದರೆ ಮೊದಲು ಸರಿಪಡಿಸಿಕೊಳ್ಳಬೇಕು. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದ ಮಕ್ಕಳಿಗೆ ಜನನ ಪ್ರಮಾಣಪತ್ರವೊಂದೇ ಪುರಾವೆ. ಅದಕ್ಕೆ ಹಿಂದಿನವರಿಗೆ ಶಾಲೆ ಬಿಟ್ಟ ದಾಖಲೆ, ಪ್ಯಾನ್ ಕಾರ್ಡು, ಮತದಾರರ ಚೀಟಿ, ವಾಹನ ಚಾಲನೆಯ ಪರವಾನಿಗೆ ಮುಂತಾದವುಗಳಲ್ಲಿ ಯಾವುದಾದರೂ ನಡೆಯುತ್ತದೆ.

ಮೂರನೆಯದು ಹೆಸರಿನ ಮನೆಗಳು. ಅರ್ಜಿಯಲ್ಲಿ ಕೊಟ್ಟ ಹೆಸರಿಗೆ ಒಂದು ಮನೆ, ಅಡ್ಡಹೆಸರಿಗೆ ಒಂದು ಮನೆ. ಖಾನಾಪುರದ ಪದ್ಧತಿಯಂತೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಇದ್ದವರಿಗೆ ಇದು ಸುಲಭ. ಎಲ್ಲವನ್ನೂ ಮೊದಲ ಮನೆಯಲ್ಲೇ ತುಂಬಿ ಅಡ್ಡಹೆಸರಿನ ಮನೆಯನ್ನು ಖಾಲಿ ಬಿಡುವುದು ಒಳ್ಳೆಯದಲ್ಲ. 2022ರ ನವೆಂಬರಿನಲ್ಲಿ ಅರಬ್ ಸಂಯುಕ್ತ ಸಂಸ್ಥಾನ ಒಂದೇ ಹೆಸರಿನ ಪಾಸ್‌ಪೋರ್ಟಿನವರನ್ನು ಪ್ರವಾಸಿ ವೀಸಾದ ಮೇಲೆ ಒಳಗೆ ಬಿಡುವುದಿಲ್ಲವೆಂದು ನಿಯಮ ತಂದಿತು. ಆಮೇಲೆ ಸ್ವಲ್ಪ ಸಡಿಲಿಸಿದರೂ ಆ ತಾಪತ್ರಯ ನಮಗೇಕೆ? ಹಾಗೆಯೇ 2014ರ ನವೆಂಬರ್ 1ರಂದು ನಮ್ಮ ನಗರದ ಹೆಸರು ಬೆಳಗಾವಿ ಎಂದಾಯಿತು. ಹಳೆಯ ಕಾಗದದಲ್ಲಿ ಬೆಲಗಾಮ್ ಎಂದಿದ್ದರೆ ಗಾಬರಿ ಬೇಡ, ಊರು ಒಂದೇ ಎಂದು ಸರಕಾರಕ್ಕೂ ಗೊತ್ತು. ಆದರೆ ಮನುಷ್ಯರಿಗೆ ಎರಡು ಹೆಸರಿದ್ದರೆ ಇಬ್ಬರೂ ಒಬ್ಬರೇ ಎಂದು ಸರಕಾರಕ್ಕೆ ತಾನಾಗಿ ತಿಳಿಯುವುದಿಲ್ಲ.

ಎರಡು ಹೆಸರಿನ ತೊಡಕು

ನಮ್ಮ ಸೀಮೆಯಲ್ಲಿ ಲಗ್ನದ ದಿನ ಮದುಮಗಳ ಹೆಸರು ಬದಲಿಸುವ ರೂಢಿ ಅನೇಕ ಮನೆಗಳಲ್ಲಿದೆ. ಹರಿವಾಣದಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೊಸ ಹೆಸರನ್ನು ಬರೆಯುತ್ತಾರೆ. ನಮ್ಮ ಲಗ್ನದಲ್ಲೂ ಹಾಗೆಯೇ ಆಯಿತು. ಅಕ್ಕಿಯಲ್ಲಿ ಬರೆದವರು ನಾವೇ. ಹೆಸರು ಆರಿಸಿದ್ದು ನಮ್ಮ ಸೋದರತ್ತೆ.

ಮೂರು ವರ್ಷಗಳ ಹಿಂದೆ ಮಗನ ಒತ್ತಾಯಕ್ಕೆ ಸಿಂಗಾಪುರದ ಹಡಗಿಗೆ ಮುಂಗಡ ಕೊಟ್ಟೆವು. ಸುಮಾರು ಒಂದು ಕ್ವಿಂಟಲ್ ಕೆಂಪಡಿಕೆಯ ಬೆಲೆ. ನಮ್ಮ ಪಾಸ್‌ಪೋರ್ಟ್ ಮೊದಲೇ ಇತ್ತು. ನಮ್ಮ ಮನೆಯವರದ್ದು ಮಾಡಿಸಬೇಕಿತ್ತು. ಹುಟ್ಟಿದ ತಾರೀಖಿನ ಪುರಾವೆಗೆ ಅವರ ಶಾಲೆಯ ದಾಖಲೆಯನ್ನೂ, ವಿಳಾಸಕ್ಕೆ ಆಧಾರವನ್ನೂ ಇಟ್ಟೆವು. ದಾಖಲೆಯಲ್ಲಿ ತವರಿನ ಹೆಸರು, ತವರಿನ ಅಡ್ಡಹೆಸರು. ಆಧಾರದಲ್ಲಿ ಅಕ್ಕಿಯಲ್ಲಿ ಬರೆದ ಹೆಸರು, ನಮ್ಮ ಅಡ್ಡಹೆಸರು. ಎರಡರಲ್ಲಿ ಒಂದಕ್ಷರವೂ ಕೂಡುವುದಿಲ್ಲ. ಕೌಂಟರಿನಲ್ಲಿದ್ದ ಹುಡುಗಿ ಎರಡೂ ಕಾಗದ ನೋಡಿ ಬಹಳ ಮರ್ಯಾದೆಯಿಂದಲೇ ಕೇಳಿದಳು: "ಅಮ್ಮ, ಇದರಲ್ಲಿ ನಿಮ್ಮ ಹೆಸರು ಯಾವುದು?" ನಮ್ಮ ಮನೆಯವರು ನಮ್ಮ ಮುಖ ನೋಡಿದರು. ನಾವು ಉತ್ತರ ಹೇಳಲು ಹೋದಾಗ, "ಅವರೇ ಹೇಳಲಿ ಸರ್" ಎಂದಳು.

ಇಬ್ಬರೂ ಒಬ್ಬರೇ ಎಂಬುದಕ್ಕೆ ನಮ್ಮ ಹತ್ತಿರ ಒಂದು ಚೂರು ಕಾಗದವಿರಲಿಲ್ಲ. ಲಗ್ನಪತ್ರಿಕೆ ಕೂಡ ಮಾಳಿಗೆಯ ಗೆದ್ದಲಿಗೆ ಹೋಗಿತ್ತು. ಅರ್ಜಿ ತಡೆಹಿಡಿಯಲ್ಪಟ್ಟಿತು. ತಪ್ಪು ಕಚೇರಿಯದಲ್ಲ, ನಮ್ಮದೇ. ಹಡಗಿನ ತಾರೀಖು ದಾಟಿತು, ಮುಂಗಡ ಮುಳುಗಿತು. ಷರತ್ತಿನ ಸಣ್ಣಕ್ಷರಗಳನ್ನು ನಾವು ಓದಿರಲಿಲ್ಲ. ಅಂದು ಬಸ್ಸಿನಲ್ಲಿ ಖಾನಾಪುರ ಬರುವವರೆಗೂ ಮಾತಾಡದ ನಮ್ಮ ಮನೆಯವರು ಇಳಿಯುವಾಗ ಹೇಳಿದರು: "ನನ್ನ ಹೆಸರು ಯಾವುದಂತ ಸರಕಾರ ಕೇಳ್ತು. ಲಗ್ನದಾಗ ಮಾತ್ರ ಯಾರೂ ಕೇಳಲಿಲ್ಲ."

ಹಣ ಹೋದದ್ದಕ್ಕಿಂತ ಈ ಮಾತು ನಮಗೆ ಹೆಚ್ಚು ನಾಟಿತು. ಯಾವ ಹೆಸರಿನಲ್ಲಿ ಪಾಸ್‌ಪೋರ್ಟ್ ಆಗಬೇಕೆಂಬುದನ್ನು ಅವರಿಗೇ ಬಿಟ್ಟೆವು. ಎಂಟು ದಿನ ಯೋಚಿಸಿ ಅವರು ಗಂಡನ ಮನೆಯ ಹೆಸರನ್ನೇ ಆರಿಸಿದರು. ಬ್ಯಾಂಕು, ಮತದಾರರ ಚೀಟಿ, ಮಕ್ಕಳ ದಾಖಲೆಯಲ್ಲಿ ತಾಯಿಯ ಹೆಸರು ಎಲ್ಲವೂ ಅದೇ ಆಗಿತ್ತೆಂಬುದು ಅವರ ಲೆಕ್ಕ. ಆದರೆ ಅರ್ಜಿಯಲ್ಲಿ ಬೇರೆ ಹೆಸರೇನಾದರೂ ಇದೆಯೇ ಎಂದು ಕೇಳುವ ಜಾಗದಲ್ಲಿ ತವರಿನ ಹೆಸರನ್ನು ತಾವೇ ಬರೆದರು. "ಅದೂ ಒಂದು ಕಡೆ ಇರ್ಲಿ. ಅಳಸಬ್ಯಾಡ್ರಿ" ಎಂದರು. ಹಿಂದಿನ ಹೆಸರನ್ನು ಮುಚ್ಚಿಡುವುದು ತಪ್ಪು ಕೂಡ ಹೌದು. ಕೇಳಿದ ಕಡೆ ಅದನ್ನು ತಿಳಿಸಲೇಬೇಕು.

ಇದಕ್ಕೆ ನಾವು ಮಾಡಿದ್ದು ಇಷ್ಟು. ಹಳೆಯ ಲಗ್ನವಾದರೂ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ ವಿವಾಹ ಪ್ರಮಾಣಪತ್ರ ಪಡೆದೆವು. ವಕೀಲರಿಂದ ಪ್ರಮಾಣಪತ್ರ ಬರೆಸಿ, ಬೆಳಗಾವಿಯ ಒಂದು ಕನ್ನಡ, ಒಂದು ಮರಾಠಿ ದಿನಪತ್ರಿಕೆಯಲ್ಲಿ ಹೆಸರು ಬದಲಾವಣೆಯ ಪ್ರಕಟಣೆ ಕೊಟ್ಟು ಕತ್ತರಿಕೆಗಳನ್ನು ಇಟ್ಟುಕೊಂಡೆವು. ಎಲ್ಲರಿಗೂ ಇವೆಲ್ಲ ಬೇಕಾಗುವುದಿಲ್ಲ. ಲಗ್ನದ ಮೇಲೆ ಅಡ್ಡಹೆಸರು ಮಾತ್ರ ಬದಲಾಗಿದ್ದರೆ ಕೆಲಸ ಹಗುರ. ನಿಮ್ಮ ಸಂದರ್ಭಕ್ಕೆ ಯಾವ ಕಾಗದ ಎಂಬುದನ್ನು ಆ ಜಾಲತಾಣದಲ್ಲಿಯೇ ಪ್ರಶ್ನೋತ್ತರದ ಮೂಲಕ ತಿಳಿಯುವ ಅನುಕೂಲವಿದೆ. ನಿಯಮಗಳು ಬದಲಾಗುತ್ತಿರುವುದರಿಂದ ಅರ್ಜಿ ಹಾಕುವ ವಾರದಲ್ಲೇ ಅದನ್ನು ನೋಡಬೇಕು.

ಆ ಕಾಗದಗಳು ಹಡಗಿಗಷ್ಟೇ ಉಪಯೋಗವಾಗಲಿಲ್ಲ. ಮರುವರ್ಷ ತವರಿನಲ್ಲಿ ವಾಟ್ನಿಯ ಮಾತು ಬಂದಾಗ ಅಲ್ಲಿಯ ಉತಾರದಲ್ಲಿದ್ದ ಹೆಣ್ಣುಮಗಳ ಹೆಸರು ಹಳೆಯದು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕುಂಟು. ಆದರೆ ಉತಾರದಲ್ಲಿರುವವಳು ತಾನೇ ಎಂದು ತೋರಿಸಲು ಕಾಗದ ಬೇಕಲ್ಲ? ಪಾಸ್‌ಪೋರ್ಟಿಗೆಂದು ಮಾಡಿಸಿದ ಪತ್ರಗಳೇ ಅಲ್ಲಿ ಕೆಲಸಕ್ಕೆ ಬಂದವು. ಠೇವಣಿ, ವಿಮೆ, ನಾಮಿನಿ ಎಲ್ಲ ಕಡೆಯೂ ಇದೇ ಮಾತು. ಹಡಗಿನ ಆಸೆ ಇಲ್ಲದವರೂ ಮನೆಯ ಹೆಣ್ಣುಮಕ್ಕಳ ಹೆಸರಿನ ಕಾಗದಗಳನ್ನು ಒಮ್ಮೆ ಹರವಿ ನೋಡಬೇಕೆಂದು ಕೇಳಿಕೊಳ್ಳುತ್ತೇವೆ.

ಹತ್ತನೆಯ ಇಯತ್ತೆ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ನೌಕರಿಗಾಗಿ ಕೆಲವು ದೇಶಗಳಿಗೆ ಹೋಗಲು ಪರವಾನಿಗೆ ಬೇಕೆಂಬ ಷರತ್ತು ಇರುತ್ತದೆ. 50 ವರ್ಷ ದಾಟಿದವರಿಗೆ, ಆದಾಯ ತೆರಿಗೆ ಕಟ್ಟುವವರಿಗೆ ಇದರಿಂದ ವಿನಾಯಿತಿ ಉಂಟು. ಏನೇ ಇರಲಿ, ಇದು ನೌಕರಿಗೆ ಹೋಗುವವರ ಮಾತು, ಪ್ರವಾಸಕ್ಕೆ ಅಡ್ಡಿಯಿಲ್ಲ.

ವೀಸಾ ಮತ್ತು ಆರು ತಿಂಗಳ ಲೆಕ್ಕ

ಪಾಸ್‌ಪೋರ್ಟ್ ಕೈಯಲ್ಲಿದ್ದರೆ ಮುಗಿಯಲಿಲ್ಲ. ಪ್ರವಾಸದ ವೇಳೆಗೆ ಅದರ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕೆಂದು ಬಹುತೇಕ ದೇಶಗಳೂ ಹಡಗಿನವರೂ ಕೇಳುತ್ತಾರೆ. ಖಾಲಿ ಪುಟಗಳೂ ಬೇಕು.

ಹಡಗು ಎಷ್ಟು ದೇಶ ಮುಟ್ಟುತ್ತದೋ ಅಷ್ಟೂ ದೇಶದ ನಿಯಮ ನೋಡಬೇಕು. ಸಿಂಗಾಪುರಕ್ಕೆ ಭಾರತೀಯರಿಗೆ ವೀಸಾ ಬೇಕು, ಅದನ್ನು ಅಧಿಕೃತ ಏಜೆಂಟರ ಮೂಲಕ ಮೊದಲೇ ಪಡೆಯಬೇಕು. ಇಲ್ಲೊಂದು ಸೂಕ್ಷ್ಮವಿದೆ. ಹಡಗು ಹತ್ತಿದಾಗ ನೀವು ಸಿಂಗಾಪುರ ಬಿಟ್ಟಂತೆ, ಮರಳಿ ಬಂದಾಗ ಎರಡನೆಯ ಸಲ ಪ್ರವೇಶಿಸಿದಂತೆ. ಆದ್ದರಿಂದ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬರಲು ಅನುಮತಿಸುವುದೇ ಎಂದು ಓದಿ ನೋಡಬೇಕು. ಸಿಂಗಾಪುರ ತಲುಪುವ ಮೂರು ದಿನದೊಳಗೆ ಆಗಮನ ಪತ್ರವನ್ನೂ ಮೊಬೈಲಿನಲ್ಲಿ ತುಂಬಬೇಕು. ಮಲೇಶಿಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳ ಮಟ್ಟಿಗೆ ವೀಸಾ ಬೇಡವೆಂದು ಮಾಡಿತು. ಇಂಥ ಸವಲತ್ತುಗಳು ಅವಧಿಯವು. ಹೊರಡುವ ಮುಂಚೆ ಮತ್ತೊಮ್ಮೆ ಕೇಳಬೇಕು.

ವೀಸಾಕ್ಕೆ ಕೆಲವು ದೇಶಗಳವರು ಆದಾಯದ ಪುರಾವೆ ಕೇಳುತ್ತಾರೆ. ಪಗಾರದ ಚೀಟಿ ಇಲ್ಲದ ನಾವು ಉತಾರ, ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಬ್ಯಾಂಕಿನ ಖಾತೆಯ ವಿವರ, ಮತ್ತು ಸಂಘದ ಮೂಲಕ ಮಾಲು ಮಾರಿದ ಪಟ್ಟಿಗಳನ್ನು ಜೋಡಿಸಿ ಕೊಡಬಹುದು.

ಹಣದ ಒಂದು ಮಾತು

2020ರ ಅಕ್ಟೋಬರ್ 1ರಿಂದ ಪರದೇಶ ಪ್ರವಾಸದ ಪ್ಯಾಕೇಜು ಮಾರುವವರು ಬೆಲೆಯ ಮೇಲೆ ಟಿ.ಸಿ.ಎಸ್. ಎಂದು ತೆರಿಗೆ ವಸೂಲು ಮಾಡಿ ನಮ್ಮ ಪ್ಯಾನ್ ನಂಬರಿಗೆ ಜಮಾ ಕಟ್ಟುತ್ತಾರೆ. ಇದು ಹೋದ ಹಣವಲ್ಲ. ವರ್ಷದ ಕೊನೆಗೆ ರಿಟರ್ನ್ ಸಲ್ಲಿಸಿದರೆ ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಆಗುತ್ತದೆ, ತೆರಿಗೆಯೇ ಇಲ್ಲದವರಿಗೆ ಮರಳಿ ಬರುತ್ತದೆ. ಅಡಿಕೆಯಂಥ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವೆಂದು ನಮ್ಮವರು ರಿಟರ್ನ್ ಸಲ್ಲಿಸುವುದೇ ಇಲ್ಲ. ಸಲ್ಲಿಸದಿದ್ದರೆ ಈ ಹಣ ಅಲ್ಲಿಯೇ ಉಳಿಯುತ್ತದೆ.

ಪ್ರವಾಸ ವಿಮೆ ಬಿಡಬಾರದು. ಹಡಗಿನ ವೈದ್ಯರ ಬಿಲ್ಲು ನಮ್ಮೂರಿನದರಂತಲ್ಲ. ಟಿಕೇಟಿನ ಬೆಲೆಯ ಹೊರತಾಗಿ ತಲೆಗೆ ದಿನಕ್ಕಿಷ್ಟೆಂದು ಸೇವಾಶುಲ್ಕ ಸೇರಿಸುವ ಪದ್ಧತಿಯೂ ಇದೆ. ಮೊದಲೇ ಕೇಳಿಕೊಂಡರೆ ಕೊನೆಯ ದಿನ ಜಗಳವಿಲ್ಲ.

ಹಡಗಿನ ಮೇಲೆ

ಬಂದರಿನಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಮೊದಲೇ ಇಸಿದುಕೊಂಡು ಸಂಜೆಗೆ ಕೋಣೆಗೆ ಮುಟ್ಟಿಸುತ್ತಾರೆ. ಆದ್ದರಿಂದ ಔಷಧ, ವೈದ್ಯರ ಚೀಟಿ, ಪಾಸ್‌ಪೋರ್ಟ್ ಕೈಚೀಲದಲ್ಲಿರಲಿ. ಪಾಸ್‌ಪೋರ್ಟನ್ನು ಹಡಗಿನವರು ಕೆಲವೊಮ್ಮೆ ತಮ್ಮಲ್ಲಿ ಇಟ್ಟುಕೊಂಡು ಒಂದು ಕಾರ್ಡು ಕೊಡುತ್ತಾರೆ, ಅದಕ್ಕೆ ಹೆದರಬೇಡಿ. ಅದರ ಝೆರಾಕ್ಸ್ ಪ್ರತಿ ಬೇರೆ ಇಟ್ಟುಕೊಂಡಿರಬೇಕು. ನಡುವಿನ ಊರಲ್ಲಿ ಇಳಿದಾಗ ಹಡಗಿನ ವೇಳೆ ಯಾವುದು, ಊರಿನ ವೇಳೆ ಯಾವುದು ಎಂದು ಕೇಳಿ ಗಡಿಯಾರ ಸರಿಮಾಡಿಕೊಳ್ಳಬೇಕು. ನಮ್ಮ ಬಸ್ಸಿನ ಕಂಡಕ್ಟರನಂತೆ "ಇನ್ನೊಬ್ಬರು ಬರೋದದ, ತಡೀ" ಎಂದು ಹೇಳುವವರು ಅಲ್ಲಿಲ್ಲ.

ಅಡಿಕೆ ಬೆಳೆಯುವ ನಮಗೆ ಒಂದು ಕಹಿ ಮಾತು. ಎಲೆಅಡಿಕೆಯ ಚಂಚಿ ಮನೆಯಲ್ಲೇ ಇರಲಿ. ಸಿಂಗಾಪುರಕ್ಕೆ ಜಗಿಯುವ ತಂಬಾಕು ಒಯ್ಯುವುದು ಅಪರಾಧ, ಚ್ಯೂಯಿಂಗ್ ಗಮ್ ಕೂಡ 1992ರಿಂದ ನಿಷಿದ್ಧ. ದುಬೈಯಲ್ಲಿ ವೀಳ್ಯದೆಲೆ ಒಯ್ಯುವಂತಿಲ್ಲ. ನಾವು ಚಂಚಿ ಇಲ್ಲದೆ ಐದು ದಿನ ಕಳೆದೆವು, ಕಷ್ಟವಾಯಿತು, ಆದರೂ ಕಳೆಯಿತು.

ತೋಟದ ಪಂಚಾಂಗ

ಅಡಿಕೆ ಕೊಯ್ಲು ಫೆಬ್ರುವರಿಯ ಹೊತ್ತಿಗೆ ಮುಗಿಯುತ್ತದೆ. ಮೇ ಕೊನೆಗೆ ಬೋರ್ಡೋ ಮದ್ದಿನ ತಯಾರಿ. ಆದ್ದರಿಂದ ನಮಗೆ ಬಿಡುವು ಮಾರ್ಚಿನಿಂದ ಮೇ ನಡುವಿನ ತನಕ. ಆ ಕಾಲದಲ್ಲಿ ಹೊರಡಬೇಕಾದರೆ ಹಿಂದಿನ ಮಳೆಗಾಲದಲ್ಲೇ, ಮೊದಲ ಮದ್ದು ಹೊಡೆದು ಎರಡನೆಯದಕ್ಕೆ ಕಾಯುವ ದಿನಗಳಲ್ಲಿ, ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕು. ದೀಪಾವಳಿಯೊಳಗೆ ಪುಸ್ತಕ ಕೈಗೆ ಬಂದರೆ ಕೊಯ್ಲು ಮುಗಿಸಿ ವೀಸಾ, ವೀಸಾ ಖಚಿತವಾದ ಮೇಲೆ ಪೂರ್ತಿ ಹಣ. ಈ ಕ್ರಮ ತಲೆಕೆಳಗಾಗಬಾರದು.

ಕಳೆದ ಏಪ್ರಿಲಿನಲ್ಲಿ ನಾವಿಬ್ಬರೂ ಹಡಗು ಹತ್ತಿದೆವು. ಬಂದರಿನ ಮೆಟ್ಟಿಲಿನ ಬಳಿ ಅಧಿಕಾರಿ ಪುಸ್ತಕ ನೋಡಿ ಹೆಸರು ಕೂಗಿದಾಗ ನಮ್ಮ ಮನೆಯವರು ನಮ್ಮ ಮುಖ ನೋಡಲಿಲ್ಲ. ಮುಂದೆ ಹೋಗಿ "ನಾನೇ" ಎಂದರು.

ಪ್ರವಾಸದ ವಿಚಾರವಿರುವ ಸದಸ್ಯರು ಮನೆಯವರೆಲ್ಲರ ಆಧಾರ, ಶಾಲೆಯ ದಾಖಲೆ, ಪ್ಯಾನ್, ಮತದಾರರ ಚೀಟಿ, ವಿವಾಹ ಪ್ರಮಾಣಪತ್ರಗಳನ್ನು ಒಂದು ಸಂಜೆ ಮನೆಯ ಪಡಸಾಲೆಯಲ್ಲಿ ಹರವಿ, ಹೆಸರು, ತಾರೀಖು ಅಕ್ಷರಕ್ಕೆ ಅಕ್ಷರ ತಾಳೆ ನೋಡಿರಿ. ತಾಳೆಯಾಗದಿದ್ದರೆ ಸಂಘದ ಕಾರ್ಯಾಲಯಕ್ಕೆ ಬನ್ನಿರಿ. ಯಾವ ಕಚೇರಿಗೆ ಮೊದಲು ಹೋಗಬೇಕೆಂದು ಕೂಡಿ ನೋಡೋಣ. ಬರುವಾಗ ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬನ್ನಿರಿ. ಅವರ ಹೆಸರು ಯಾವುದೆಂದು ಅವರನ್ನೇ ಕೇಳಬೇಕಾಗುತ್ತದೆ.